ಸರಾಸರಿಯಲ್ಲಿ ಕಳೆದುಹೋಗುವ ಹೊಲ

2025ರ ಅತಿವೃಷ್ಟಿಯ ನಂತರ ರಾಜ್ಯ ಸರ್ಕಾರ ಬೆಳೆಹಾನಿ ಪರಿಹಾರಕ್ಕೆ ಹೆಕ್ಟೇರಿಗೆ 8,500 ರೂಪಾಯಿ ತನ್ನದೂ ಸೇರಿಸಿತು. ವಿಪತ್ತು ಪರಿಹಾರ ನಿಧಿಯ ನಿಯಮದಂತೆ ಖುಷ್ಕಿ ಬೆಳೆಗೆ ಸಿಗುತ್ತಿದ್ದದ್ದೂ ಅಷ್ಟೇ. ಹೀಗೆ ಅದು 17,000 ಆಯಿತು. ಒಳ್ಳೆಯ ನಿರ್ಧಾರ. ಎಕರೆಗೆ ಇಳಿಸಿದರೆ ಸುಮಾರು 6,800, ಅದೂ ಎರಡು ಹೆಕ್ಟೇರಿನ ಮಿತಿಯೊಳಗೆ. ಬೀಜ, ಗೊಬ್ಬರ, ಕಸ ತೆಗೆದ ಆಳಿನ ಪಗಾರದಲ್ಲಿ ಒಂದಿಷ್ಟು ಬಂದೀತು. ಪರಿಹಾರಕ್ಕಿಂತ ಹೆಚ್ಚಿನದನ್ನು ತುಂಬಿಕೊಡುವ ಮಾತು ಕೊಟ್ಟದ್ದು ವಿಮೆ. ನನ್ನ ತಕರಾರು ಅದರ ಮೇಲೆ.

2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿ ಹೆಸರು ಬೆಳೆಗೆ ರೈತ ಕಟ್ಟುವ ಕಂತು ವಿಮಾ ಮೊತ್ತದ ಶೇ 2 ಮಾತ್ರ. ಉಳಿದದ್ದು ಕೇಂದ್ರ, ರಾಜ್ಯಗಳದು. ಇದನ್ನು ಹೊಗಳಲೇಬೇಕು. ಆದರೆ ನಷ್ಟ ಅಳೆಯುವಾಗ ಅದು ಹೊಲವನ್ನು ನೋಡುವುದಿಲ್ಲ, ಗ್ರಾಮ ಪಂಚಾಯ್ತಿಯನ್ನು ನೋಡುತ್ತದೆ. ಮುಖ್ಯ ಬೆಳೆಗೆ ಪಂಚಾಯ್ತಿಗೆ ನಾಲ್ಕು ಕಡೆ ಕಟಾವು ಪ್ರಯೋಗ ನಡೆಯುತ್ತದೆ. ಅದರ ಸರಾಸರಿ ನಿಗದಿತ ಮಟ್ಟಕ್ಕಿಂತ ಕೆಳಗಿಳಿದರೆ ಎಲ್ಲರಿಗೂ ಹಣ, ಇಳಿಯದಿದ್ದರೆ ಯಾರಿಗೂ ಇಲ್ಲ.

ಗದಗ ಜಿಲ್ಲೆಯ ಶಿರಹಟ್ಟಿ, ಮುಂಡರಗಿ ಕಡೆ ಈ ಲೆಕ್ಕ ಹೇಗೆ ಕೂತೀತು? ಕಪ್ಪತಗುಡ್ಡದ ಬುಡಕ್ಕೆ ಕೆಂಪು ಮಸಾರಿ ನೆಲ, ತುಸು ಕೆಳಗಿಳಿದರೆ ಕಪ್ಪು ಎರಿ ನೆಲ. ಮಳೆ ಹಿಡಿದರೆ ಎರಿಯಲ್ಲಿ ಬೆಳೆ ಕೊಳೆಯುತ್ತದೆ, ಮಸಾರಿ ನೀರು ಬಸಿದುಕೊಂಡು ಬದುಕುತ್ತದೆ. ಮಳೆ ಕೈಕೊಟ್ಟರೆ ಮಸಾರಿ ಮೊದಲು ಒಣಗುತ್ತದೆ. ಎರಡೂ ಬಗೆಯ ನೆಲ ಒಂದೇ ಪಂಚಾಯ್ತಿಗೆ ಸೇರಿದ್ದರೆ, ಉಳಿದವನ ಇಳುವರಿ ಕಳಕೊಂಡವನ ನಷ್ಟವನ್ನು ಕಾಗದದ ಮೇಲೆ ಮುಚ್ಚಿಬಿಡುತ್ತದೆ.

ಗದಗ ಸೀಮೆಯ ಹೆಸರಿನದು ಇದಕ್ಕಿಂತ ಕಷ್ಟದ ಕತೆ. ಆಗಸ್ಟಿನಲ್ಲಿ ಕಾಯಿ ಬಲಿತ ಹೊತ್ತಿಗೆ ಜಿಟಿಜಿಟಿ ಮಳೆ ವಾರಗಟ್ಟಲೆ ಹಿಡಿದರೆ ಕಾಳು ಗಿಡದಲ್ಲೇ ಮೊಳಕೆಯೊಡೆಯುತ್ತದೆ, ಕಪ್ಪಾಗುತ್ತದೆ. ತೂಕಕ್ಕೆ ಕಾಳು ಇದೆ, ಮಾರಲು ಬರುವುದಿಲ್ಲ. ವಿಮೆ ಇಳುವರಿಯನ್ನು ತೂಗುತ್ತದೆಯೇ ಹೊರತು ಕಾಳಿನ ಗುಣವನ್ನಲ್ಲ. ಹೊಲ ಜಲಾವೃತವಾದರೆ 72 ಗಂಟೆಯೊಳಗೆ ದೂರು ಕೊಡಬಹುದು. ಇಲ್ಲಿ ನೀರೇ ನಿಂತಿರುವುದಿಲ್ಲ. ಬೆಂಬಲ ಬೆಲೆಯ ಖರೀದಿ ಕೇಂದ್ರಕ್ಕೆ ಒಯ್ದರೆ ಗುಣಮಟ್ಟವಿಲ್ಲವೆಂದು ವಾಪಸು. 2025-26ಕ್ಕೆ ಕ್ವಿಂಟಲಿಗೆ 8,768 ರೂಪಾಯಿ ಘೋಷಣೆಯಾಗಿದ್ದರೂ ಕಪ್ಪು ಕಾಳಿಗೆ ಅದು ಸಲ್ಲದು. ಒಂದು ಯೋಜನೆ ಕಾಳು ಇದೆಯೆಂದು ಹಣ ನಿರಾಕರಿಸುತ್ತದೆ, ಇನ್ನೊಂದು ಈ ಕಾಳು ಕಾಳೇ ಅಲ್ಲವೆನ್ನುತ್ತದೆ. ಕಟಾವು ಪ್ರಯೋಗದ ನಮೂನೆಯಲ್ಲಿ ಕೆಟ್ಟ ಕಾಳಿನ ಪ್ರಮಾಣ ಬರೆಯಲು ಒಂದು ಕಲಂ ಇಟ್ಟು, ಅಷ್ಟನ್ನು ಇಳುವರಿಯಿಂದ ಕಳೆಯುವುದು ಅಸಾಧ್ಯವೇನಲ್ಲ.

ಇನ್ನು ಪರಿಹಾರ ತಡವಾಗುವ ಮಾತು ಎಲ್ಲರಿಗೂ ಗೊತ್ತಿದೆ: 2023ರ ಬರಕ್ಕೆ ಕೇಂದ್ರದ ನೆರವು ಬಂದದ್ದು, ರಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ, 2024ರ ಏಪ್ರಿಲ್ ಕೊನೆಗೆ. ಕೇಳಿದ್ದು 18,171 ಕೋಟಿ, ಬಂದದ್ದು 3,454 ಕೋಟಿ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಬೇರೆಯವರ ಹೊಲವನ್ನು ಲಾವಣಿಗೆ ಹಿಡಿದು ಉಳುವ ರೈತರ ಪಾಡು. ಲಕ್ಷ್ಮೇಶ್ವರದ ಕಡೆಯಾಗಲಿ ಗದಗ-ಬೆಟಗೇರಿಯ ಸುತ್ತಲಾಗಲಿ, ಲಾವಣಿ ಬಾಯಿಮಾತಿನದು. ಭೂಸುಧಾರಣೆ ಕಾಯ್ದೆ ಗೇಣಿಯನ್ನು ನಿಷೇಧಿಸಿರುವುದರಿಂದ ಕಾಗದ ಮಾಡಲು ಮಾಲೀಕ ಹೆದರುತ್ತಾನೆ. ವಿಮೆಯ ನಿಯಮಾವಳಿಯಲ್ಲಿ ಗೇಣಿದಾರನಿಗೂ ಜಾಗವಿದೆ; ಕಾಗದವಿಲ್ಲದವನು ಅಲ್ಲಿಗೆ ತಲುಪುವುದಿಲ್ಲ. ಪರಿಹಾರ ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ ಹೋಗುತ್ತದೆ, ಸಾಲ ಉತ್ತವನ ಹೆಗಲಿಗೆ ಉಳಿಯುತ್ತದೆ. ಆಂಧ್ರಪ್ರದೇಶ 2019ರಲ್ಲೇ ಕಾಯ್ದೆ ಮಾಡಿ, ಭೂಮಿಯ ಒಡೆತನಕ್ಕೆ ಧಕ್ಕೆ ಬಾರದಂತೆ ಉಳುವವನಿಗೆ 11 ತಿಂಗಳ ಹಕ್ಕಿನ ಕಾರ್ಡು ಕೊಟ್ಟಿತು. ಇಲ್ಲಿ ಆ ಕೆಲಸಕ್ಕೆ ಸಹಕಾರಿ ಸೊಸೈಟಿಗಳೇ ಇವೆ: ಏಷ್ಯಾದ ಮೊದಲ ಕೃಷಿ ಸಹಕಾರಿ ಸಂಘ 1905ರಲ್ಲಿ ಹುಟ್ಟಿದ್ದು ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ. ಯಾರ ಹೊಲ ಯಾರು ಉಳುತ್ತಾರೆಂಬುದು ಇಂದಿಗೂ ಊರಿನ ಸೊಸೈಟಿಗೆ ಗೊತ್ತಿರುತ್ತದೆ. ಅಂಥ ಕಾರ್ಡನ್ನು ಸೊಸೈಟಿಯ ದೃಢೀಕರಣದ ಮೇಲೆ ಇಲ್ಲೂ ಕೊಡಬಹುದು, ಬರುವ ಮುಂಗಾರಿಯಿಂದಲೇ.