2007ರ ಪೇಟ್ರಿಯಟ್ಸ್ ಆಕ್ರಮಣ ಪಡೆ: ಋತುವಿಗೆ ಮುಂಚಿನ ತೂಕ

ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ 2007ರ ಎನ್‌ಎಫ್‌ಎಲ್ ಋತುವಿಗೆ ಸಿದ್ಧಗೊಂಡಾಗ ಅದರ ಆಕ್ರಮಣ ಪಡೆಯಲ್ಲಿ ರಿಸೀವರ್‌ಗಳ, ಅಂದರೆ ಪಾಸ್ ಹಿಡಿಯುವವರ, ಸಾಲು ಬಹುಮಟ್ಟಿಗೆ ಹೊಸದಾಗಿತ್ತು. ಹಿಂದಿನ ಋತುವಿನಲ್ಲಿ ತಂಡ 16 ಪಂದ್ಯಗಳಲ್ಲಿ 12 ಗೆದ್ದು 385 ಅಂಕ ಗಳಿಸಿತ್ತು. ಕಾನ್ಫರೆನ್ಸ್ ಫೈನಲ್‌ನಲ್ಲಿ 21-3ರ ಮುನ್ನಡೆ ಪಡೆದೂ ಇಂಡಿಯಾನಾಪೊಲಿಸ್ ಕೋಲ್ಟ್ಸ್‌ಗೆ 34-38ರಿಂದ ಸೋತಿತ್ತು. ರಿಸೀವರ್‌ಗಳಾದ ಡಿಯಾನ್ ಬ್ರಾಂಚ್ ಮತ್ತು ಡೇವಿಡ್ ಗಿವೆನ್ಸ್ ತಂಡ ಬಿಟ್ಟಿದ್ದರಿಂದ ಆ ವರ್ಷ ಅತಿ ಹೆಚ್ಚು ಪಾಸ್ ಹಿಡಿದವನು ರೀಚೆ ಕಾಲ್ಡ್‌ವೆಲ್: 61 ಪಾಸ್, 760 ಗಜ. ಪಡೆಯ ಕೊರತೆ ಎಲ್ಲಿತ್ತು ಎಂಬುದಕ್ಕೆ ಈ ಅಂಕಿಗಳೇ ಸಾಕ್ಷಿ.

ಅಮೆರಿಕನ್ ಫುಟ್‌ಬಾಲಿನಲ್ಲಿ ಆಕ್ರಮಣಕ್ಕಿಳಿಯುವ 11 ಮಂದಿಯಲ್ಲಿ ಐವರು ಮುಂಚೂಣಿಯ ಕಾವಲುಗಾರರು, ಒಬ್ಬ ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್. ಉಳಿದ ಐವರು ಚೆಂಡು ಹಿಡಿಯುವವರು ಅಥವಾ ಹೊತ್ತೋಡುವವರು. ಹೆಸರುಗಳನ್ನು ಕೂಡಿಸಿ ಇಂಥ ಪಡೆಯನ್ನು ತೂಗಲಾಗದು. ಒಬ್ಬ ಆಟಗಾರ ಎದುರಾಳಿಗಳನ್ನು ಎತ್ತ ಸೆಳೆಯುತ್ತಾನೆ, ಅದರಿಂದ ಮತ್ತೊಬ್ಬನಿಗೆ ಎಷ್ಟು ಜಾಗ ತೆರೆಯುತ್ತದೆ ಎಂಬುದೇ ಸರಿಯಾದ ಅಳತೆ.

ಕ್ವಾರ್ಟರ್‌ಬ್ಯಾಕ್ ಸ್ಥಾನದ ಬಗ್ಗೆ ಸಂದೇಹಕ್ಕೆ ಎಡೆಯಿರಲಿಲ್ಲ. 30ರ ಟಾಮ್ ಬ್ರೇಡಿ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಅನ್ನು ಆಗಲೇ ಮೂರು ಬಾರಿ ಗೆದ್ದಿದ್ದ. 2006ರಲ್ಲಿ ಅವನ 24 ಟಚ್‌ಡೌನ್ ಪಾಸ್‌ಗಳಿಗೆ ಎದುರಾಗಿ 12 ಪಾಸ್‌ಗಳು ಎದುರಾಳಿಗಳ ಕೈಸೇರಿದ್ದವು. ಆ ಸಾಧಾರಣ ಲೆಕ್ಕವನ್ನು ಅವನ ತೋಳಿನ ಸೋಲೆಂದು ಓದುವುದು ತಪ್ಪಾಗುತ್ತಿತ್ತು. ಎಸೆತಕ್ಕೆ ತಕ್ಕ ಕೈಗಳು ಆಚೆ ತುದಿಯಲ್ಲಿ ಇರಲಿಲ್ಲ.

ಆ ಕೈಗಳನ್ನು ತಂಡ ಮೂರು ಕಡೆಯಿಂದ ತಂದಿತು. ಮಯಾಮಿ ಡಾಲ್ಫಿನ್ಸ್‌ನಿಂದ ವೆಸ್ ವೆಲ್ಕರ್, ಮುಕ್ತ ಒಪ್ಪಂದದ ಮೇಲೆ ಡಾಂಟೆ ಸ್ಟಾಲ್‌ವರ್ತ್, ಓಕ್ಲೆಂಡ್ ರೈಡರ್ಸ್‌ನಿಂದ ರ‍್ಯಾಂಡಿ ಮಾಸ್. ಮಾಸ್‌ಗಾಗಿ ಕೊಟ್ಟದ್ದು ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನ ನಾಲ್ಕನೇ ಸುತ್ತಿನ ಒಂದೇ ಆಯ್ಕೆ. ಓಕ್ಲೆಂಡ್‌ನಲ್ಲಿ 2006ರಲ್ಲಿ ಅವನು ಗಳಿಸಿದ್ದು ಬರೀ 553 ಗಜ, 3 ಟಚ್‌ಡೌನ್. ಅವನ ಕಾಲ ಮುಗಿಯಿತೆಂಬ ಭಾವನೆ ಆ ಅಗ್ಗದ ಬೆಲೆಯಲ್ಲಿತ್ತು. ಆದರೆ 1998ರಲ್ಲಿ ಮಿನೆಸೋಟ ವೈಕಿಂಗ್ಸ್ 556 ಅಂಕಗಳ ದಾಖಲೆ ಬರೆದಾಗ, ಮೊದಲ ವರ್ಷದಲ್ಲೇ 17 ಟಚ್‌ಡೌನ್ ಪಾಸ್ ಹಿಡಿದವನೂ ಅವನೇ. ಅಂಚಿನಲ್ಲಿ ಅವನು ನೇರಕ್ಕೆ ಓಡತೊಡಗಿದರೆ ಅವನ ಬೆನ್ನು ಕಾಯಲು ಎದುರಾಳಿಗಳು ಇನ್ನೊಬ್ಬನನ್ನು ಹಿಂದಕ್ಕೆ ಕಳುಹಿಸಲೇಬೇಕು. ಹಾಗೆ ತೆರವಾಗುವ ನಡು ಮೈದಾನವೇ ವೆಲ್ಕರ್‌ನ ನೆಲ. ಗಿಡ್ಡಗಿನ ಈ ಆಟಗಾರನನ್ನು 2004ರ ಡ್ರಾಫ್ಟ್‌ನಲ್ಲಿ ಯಾರೂ ಆರಿಸಿರಲಿಲ್ಲ; ಐದಾರು ಗಜದೊಳಗೆ ಥಟ್ಟನೆ ತಿರುಗಿ ಚೆಂಡು ಹಿಡಿಯುವುದು ಅವನ ಬಲ. ಒಬ್ಬ ಆಳಕ್ಕೆ, ಒಬ್ಬ ಹತ್ತಿರಕ್ಕೆ: ಈ ಜೋಡಣೆಯೇ ಆ ಬೇಸಿಗೆಯ ನಿಜವಾದ ಗಳಿಕೆ. ಇಬ್ಬರ ನಡುವಿನ ಅಂತರಕ್ಕೆ ಸ್ಟಾಲ್‌ವರ್ತ್ ಮತ್ತು ಮುಂಚೂಣಿಯ ಪಕ್ಕದಿಂದ ಓಡಿ ಪಾಸ್ ಹಿಡಿಯುವ ಟೈಟ್ ಎಂಡ್ ಬೆನ್ ವಾಟ್ಸನ್ ಇದ್ದರು.

ಹೊತ್ತೋಡುವ ವಿಭಾಗ ಅಷ್ಟು ಗಟ್ಟಿಯಾಗಿರಲಿಲ್ಲ. 2006ರಲ್ಲಿ 13 ಟಚ್‌ಡೌನ್ ಗಳಿಸಿದ್ದ ಕೋರಿ ಡಿಲನ್ ಹೊರಹೋಗಿದ್ದ. ಎರಡನೇ ವರ್ಷದ ಲಾರೆನ್ಸ್ ಮರೋನಿ ಇಡೀ ಋತುವಿನ ಭಾರವನ್ನು ಇನ್ನೂ ಹೊತ್ತಿರಲಿಲ್ಲ. ಅನುಭವಿ ಕೆವಿನ್ ಫಾಕ್ ಪಾಸ್ ಆಟಕ್ಕೆ ಒದಗುವವನೇ ಹೊರತು ದಿನವಿಡೀ ನುಗ್ಗುವವನಲ್ಲ.

ಮುಂಚೂಣಿಯ ಐವರು ಮ್ಯಾಟ್ ಲೈಟ್, ಲೋಗನ್ ಮ್ಯಾಂಕಿನ್ಸ್, ಡ್ಯಾನ್ ಕಾಪನ್, ಸ್ಟೀಫನ್ ನೀಲ್, ನಿಕ್ ಕಾಝರ್. ನೀಲ್ ಕಾಲೇಜಿನಲ್ಲಿ ಫುಟ್‌ಬಾಲ್ ಆಡದೆ ಕುಸ್ತಿಯಲ್ಲಿ ಚಾಂಪಿಯನ್ ಆಗಿದ್ದವನು. ತರಬೇತುದಾರ ಡಾಂಟೆ ಸ್ಕಾರ್ನೆಕಿಯ ಕೈಯಲ್ಲಿ ಪಳಗಿದ ಈ ಗುಂಪು ಒಟ್ಟಿಗೆ ಆಡಿ ಹದಗೊಂಡಿತ್ತು. ಆದರೂ ಪಡೆಯ ಇಡೀ ಲೆಕ್ಕ ನಿಂತದ್ದು ಇವರ ಮೇಲೆಯೇ. ಮಾಸ್ ದೂರ ಓಡುವಷ್ಟು ಹೊತ್ತು ಬ್ರೇಡಿ ನೆಟ್ಟಗೆ ನಿಂತಿರಬೇಕು. ಓಟದ ಆಟ ಸಾಧಾರಣವಾದರೆ ಎದುರಾಳಿಗಳು ಹಿಂಜರಿಕೆಯಿಲ್ಲದೆ ಅವನತ್ತಲೇ ನುಗ್ಗಬಹುದು.

ಋತು ಈ ತೂಕದ ಎರಡೂ ಬದಿಯನ್ನು ದೃಢಪಡಿಸಿತು. ತಂಡ 16 ಪಂದ್ಯಗಳನ್ನೂ ಗೆದ್ದು 589 ಅಂಕಗಳ ಹೊಸ ದಾಖಲೆ ಬರೆಯಿತು. ಬ್ರೇಡಿ 50 ಟಚ್‌ಡೌನ್ ಪಾಸ್ ಎಸೆದ; ಅವುಗಳಲ್ಲಿ 23 ಮಾಸ್ ಹಿಡಿದ; ವೆಲ್ಕರ್ 112 ಪಾಸ್ ಹಿಡಿದ. 16 ಪಂದ್ಯಗಳಲ್ಲಿ ಬ್ರೇಡಿಯನ್ನು ಎಸೆತಕ್ಕೆ ಮುಂಚೆ ಕೆಡವಿದ್ದು 21 ಬಾರಿ ಮಾತ್ರ. ಆದರೆ 2008ರ ಫೆಬ್ರವರಿ 3ರ ಸೂಪರ್ ಬೌಲ್‌ನಲ್ಲಿ ನ್ಯೂಯಾರ್ಕ್ ಜೈಂಟ್ಸ್ ಒಂದೇ ಪಂದ್ಯದಲ್ಲಿ ಅವನನ್ನು 5 ಬಾರಿ ಕೆಡವಿತು. ನೀಲ್ ಗಾಯಗೊಂಡು ಆಟದ ನಡುವೆಯೇ ಹೊರಬಂದ. ಅಂತಿಮ ಅಂಕ 14-17. ರಿಸೀವರ್‌ಗಳ ಕೌಶಲ ಆ ಸಂಜೆ ಕುಂದಿರಲಿಲ್ಲ. ಅವರಿಗೆ ಬೇಕಾದ ಕ್ಷಣಗಳು ಮುಂಚೂಣಿಯಲ್ಲೇ ಕರಗಿದವು. ಆಕ್ರಮಣ ಪಡೆಯನ್ನು ತೂಗುವವರು ಪಾಸ್ ಹಿಡಿಯದ, ಚೆಂಡು ಹೊತ್ತೋಡದ ಆ ಐವರಿಂದಲೇ ಲೆಕ್ಕ ಆರಂಭಿಸಬೇಕು.