ಕೊನೆಗದ್ದೆಯಿಂದ ಓದಿದ ಗಂಗಾ ಒಪ್ಪಂದ

ಶಿವನಸಮುದ್ರದಲ್ಲಿ ಕಾವೇರಿ ಎರಡಾಗಿ ಒಡೆಯುತ್ತದೆ. ಒಂದು ಕವಲು ಮಳವಳ್ಳಿ ಕಡೆ ಗಗನಚುಕ್ಕಿಯಾಗಿ ಬಿದ್ದರೆ, ಇನ್ನೊಂದು ಕೊಳ್ಳೇಗಾಲದ ಕಡೆ ಭರಚುಕ್ಕಿಯಾಗಿ ಬೀಳುತ್ತದೆ. 1956ರವರೆಗೆ ಆ ಕೊಳ್ಳೇಗಾಲ ಮದ್ರಾಸಿಗೆ ಸೇರಿತ್ತು. ಅಂದರೆ ಹೊಳೆಯಾಚೆ ದಡದವನು ಹೊರಗಿನವನು. ರಾಜ್ಯಗಳ ಗೆರೆ ಬದಲಾಯಿತು, ಬೆಳಗಾಗೋದರೊಳಗೆ ಅವನು ನಮ್ಮವನಾದ. ಅವನೂ ಬದಲಾಗಿರಲಿಲ್ಲ, ಹೊಳೆಯೂ ಬದಲಾಗಿರಲಿಲ್ಲ. ಗಡಿಯಾಚೆಯವನ ಜೊತೆ ನೀತಿಯಿಂದ ನಡೆದುಕೊಳ್ಳಬೇಕೇ ಎಂಬ ಪ್ರಶ್ನೆಯನ್ನು ನಾವು ಈ ದಡದಲ್ಲಿ ನಿಂತು ಕೇಳುತ್ತಿದ್ದೇವೆ.

'ದೇಶ ದೇಶಗಳ ನಡುವೆ ನೀತಿ ಎಂಥದ್ದು ಸ್ವಾಮಿ, ಅಲ್ಲಿ ನಡೆಯೋದು ಲಾಭದ ಲೆಕ್ಕ' ಅಂತ ಓದಿಕೊಂಡವರು ನಗುತ್ತಾರೆ. ಈ ನಗುವಿಗೂ ಚರಿತ್ರೆಯಿದೆ. ರಿಯೊ ಗ್ರಾಂಡ್ ನದಿಯ ನೀರು ತಮಗೆ ಬರುತ್ತಿಲ್ಲವೆಂದು ಮೆಕ್ಸಿಕೊ ದೂರಿದಾಗ, 1895ರಲ್ಲಿ ಅಮೆರಿಕದ ಅಟಾರ್ನಿ ಜನರಲ್ ಜಡ್ಸನ್ ಹಾರ್ಮನ್, ತಮ್ಮ ನೆಲದ ನೀರನ್ನು ತಾವು ಬಳಸಲು ಯಾವ ಅಂತರರಾಷ್ಟ್ರೀಯ ಕಾನೂನೂ ಅಡ್ಡಿಯಲ್ಲ ಎಂದ. ಮೇಲಿರುವವನ ಈ ಮಾತು ನಮಗೆ ಹೊಸದಲ್ಲ. ಊರ ಬಾವಿಕಟ್ಟೆಯ ಮೇಲೆ ನಿಂತವನು ಹೇಳಿದ್ದೂ ಇದನ್ನೇ: 'ಬಾವಿ ನಮ್ದು.' 1927ರಲ್ಲಿ ಮಹಾಡಿನ ಚೌದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿದ ಬಾಬಾಸಾಹೇಬರು ಉತ್ತರ ಕೊಟ್ಟದ್ದು ಈ ಮಾತಿಗೇ.

ಇನ್ನು ಒಪ್ಪಂದಕ್ಕೆ ಬರೋಣ. 1996ರ ಡಿಸೆಂಬರ್ 12ರಂದು ಪ್ರಧಾನಿ ಎಚ್.ಡಿ. ದೇವೇಗೌಡರು ಬಾಂಗ್ಲಾದೇಶದ ಆಗಿನ ಪ್ರಧಾನಿ ಶೇಖ್ ಹಸೀನಾ ಜೊತೆ ಗಂಗಾ ನೀರಿನ ಒಪ್ಪಂದಕ್ಕೆ ಸಹಿ ಹಾಕಿದರು. ಕಾವೇರಿಯ ಮೇಲ್ದಂಡೆಯಲ್ಲಿ ಹುಟ್ಟಿದವರು, ಗಂಗೆಯಲ್ಲೂ ಮೇಲ್ದಂಡೆಯ ದೇಶದ ಪ್ರಧಾನಿ. 1975ರಿಂದ ಫರಕ್ಕಾ ಬ್ಯಾರೇಜಿನ ಗೇಟು ನಮ್ಮ ದೇಶದ ಕೈಲೇ ಇತ್ತು. ಹಾರ್ಮನ್ನನ ಮಾತು ಹೇಳಬಹುದಿತ್ತು, ಹೇಳಲಿಲ್ಲ. ಜನವರಿಯಿಂದ ಮೇ ತನಕ, ಫರಕ್ಕಾದಲ್ಲಿ 70,000 ಕ್ಯೂಸೆಕ್ಸ್ ಅಥವಾ ಅದಕ್ಕಿಂತ ಕಡಿಮೆ ನೀರಿದ್ದರೆ ಇಬ್ಬರಿಗೂ ಅರ್ಧರ್ಧ. 75,000 ದಾಟಿದರೆ ಭಾರತಕ್ಕೆ 40,000, ಮಿಕ್ಕಿದ್ದು ಬಾಂಗ್ಲಾಕ್ಕೆ. ಬರದಲ್ಲಿ ಸಮಪಾಲು ಎಂಬ ಈ ಒಂದು ಮಾತಿಗಾಗಿ ಒಪ್ಪಂದವನ್ನು ನಾವು ಮೆಚ್ಚುತ್ತೇವೆ.

ಆದರೆ ಕವಿತೆಯನ್ನು ಓದುವ ಹಾಗೆ ಒಪ್ಪಂದವನ್ನೂ ಓದಬೇಕು. ಯಾರು ಮಾತಾಡುತ್ತಿದ್ದಾರೆ, ಯಾರ ಬಾಯಿ ಮುಚ್ಚಿದೆ? ನ್ಯಾಯ, ಸಮತೆ, ಯಾರಿಗೂ ಕೇಡಿಲ್ಲ ಎಂಬ ಒಳ್ಳೆಯ ಮಾತುಗಳು ಇದರಲ್ಲಿವೆ. 'ಎರಡು ದೇಶಗಳ ಜನತೆ' ಎಂಬ ಪದವೂ ಇದೆ. ಗದ್ದೆಯವನಿಲ್ಲ, ಬೆಸ್ತನಿಲ್ಲ. ಪಾಲಿನ ಲೆಕ್ಕ ಫರಕ್ಕಾದಲ್ಲೇ ಮುಗಿದುಹೋಗುತ್ತದೆ. ಕೆಳಗೆ ಖುಲ್ನಾದ ಕಡೆ ಸಿಹಿನೀರು ಕಡಿಮೆಯಾದರೆ ಸಮುದ್ರದ ಉಪ್ಪು ಹೊಳೆಯೊಳಕ್ಕೆ ನುಗ್ಗುತ್ತದೆ. ಆ ಜೆಸ್ಸೋರ್-ಖುಲ್ನಾ ಸೀಮೆ ಅಸ್ಪೃಶ್ಯ ನಾಮಶೂದ್ರರ ನೆಲ. 1946ರಲ್ಲಿ ಬೊಂಬಾಯಿಯಿಂದ ಸಂವಿಧಾನ ಸಭೆಗೆ ಹೋಗುವ ದಾರಿ ಮುಚ್ಚಿದಾಗ, ಬಾಬಾಸಾಹೇಬರನ್ನು ಬಂಗಾಳದಿಂದ ಆರಿಸಿ ಕಳಿಸಲು ಮುಂದೆ ನಿಂತವರು ನಾಮಶೂದ್ರರ ನಾಯಕ ಜೋಗೇಂದ್ರನಾಥ ಮಂಡಲ್. ಮರುವರ್ಷವೇ ಗೆರೆ ಎಳೆದರು, ಖುಲ್ನಾ ಪರದೇಶವಾಯಿತು. ನಮ್ಮ ಋಣವೂ ಪರದೇಶವಾಗಿಬಿಡುತ್ತದೆಯೇ?

ಇದೇ ಕಣ್ಣಿನಿಂದ ಕಾವೇರಿಯನ್ನು ನೋಡೋಣ. 1924ರ ಒಪ್ಪಂದ ಬ್ರಿಟಿಷರ ಹಂಗಿನಲ್ಲಿದ್ದ ಮೈಸೂರು ಮದ್ರಾಸಿನ ಜೊತೆ ಮಾಡಿಕೊಂಡದ್ದು, ಸರಿಸಮಾನರ ಒಪ್ಪಂದವಲ್ಲ ಅಂತೀವಿ. ನಿಜ. ಮಳೆ ಕೈಕೊಟ್ಟ 2023ರಲ್ಲಿ ಕಷ್ಟವನ್ನೂ ಹಂಚಿಕೊಳ್ಳಿ ಎಂದು ಕೇಳಿದೆವು. ಅದೂ ನ್ಯಾಯ. ಆದರೆ ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗ ಇದೇ ಮದ್ದೂರು, ಮಳವಳ್ಳಿ. ಇಲ್ಲಿಯವರನ್ನು ಕೇಳಿ: 'ಮ್ಯಾಲ್ನೋರು ಕುಡಿದು ಮಿಕ್ಕಿದ್ರೆ ನಮ್ಗೆ ಕನಪ್ಪ.' ತಂಜಾವೂರಿನವನು ನಮ್ಮ ಬಗ್ಗೆ ಹೇಳುವುದೂ ಇದೇ ತಾನೆ? ಇನ್ನೂ ಕೆಳಕ್ಕೆ ಇಳಿಯಿರಿ. ಕೊನೆಗದ್ದೆಯ ಆಚೆಗೆ ಕೇರಿಯಿದೆ. ಅಲ್ಲಿನವನಿಗೆ ನೀರಿನ ಪಾಲು ಬೇಡವಾಗಿಲ್ಲ, ಪಾಲು ಕೇಳಲು ಗದ್ದೆಯೇ ಇಲ್ಲ.

ಕಾವೇರಿ ತಾಯಿ ಅಂತ ಪದ್ಯ ಬರೆದವರಲ್ಲಿ ನಾವೂ ಇದ್ದೇವೆ. ತಾಯಿ ಎಂದಮೇಲೆ ಯಾರೂ ಲೆಕ್ಕ ಕೇಳುವಂತಿಲ್ಲ, ಉಳ್ಳವರಿಗೆ ಬೇಕಾದದ್ದೂ ಅದೇ. ಆ ತಾಯಿಯ ಹೆಸರು ಹೇಳಿಕೊಂಡೇ 1991ರ ಡಿಸೆಂಬರಿನಲ್ಲಿ ಬೆಂಗಳೂರಿನ ತಮಿಳು ಕೂಲಿಗಳ ಗುಡಿಸಲುಗಳಿಗೆ ಬೆಂಕಿ ಇಟ್ಟರು. ಅವರ ಕೈಯಲ್ಲಿ ಯಾವ ಅಣೆಕಟ್ಟಿನ ಗೇಟಿತ್ತು?

ಹಳೇ ಮೈಸೂರಿನ ಕೆರೆಗಳಲ್ಲಿ ತೂಬು ಎತ್ತಿ ನೀರು ಹಂಚುತ್ತಿದ್ದವನು ನೀರುಗಂಟಿ, ಬಹುಪಾಲು ನಮ್ಮ ಕೇರಿಯವನು. ಆ ಕೆರೆ ಕೆಳಗೆ ಅವನಿಗೆ ಹೇಳಿಕೊಳ್ಳುವ ಗದ್ದೆ ಇರುತ್ತಿರಲಿಲ್ಲ. ಅವನ ಹಂಚಿಕೆಯನ್ನು ಊರು ನಂಬಿದ್ದಕ್ಕೆ ಅದೂ ಒಂದು ಕಾರಣ. ಕೆರೆ ಅರ್ಧ ತುಂಬಿದ ವರ್ಷ ಮೇಲಿನ ಗದ್ದೆಗೂ ಕೊನೆಗದ್ದೆಗೂ ಅಳೆದು ಬಿಡುತ್ತಿದ್ದ. ಅಂತರರಾಷ್ಟ್ರೀಯ ಕಾನೂನು ಪಂಡಿತರು 1966ರಲ್ಲಿ ಹೆಲ್ಸಿಂಕಿಯಲ್ಲಿ ಕೂತು ನ್ಯಾಯವಾದ ಪಾಲು ಎಂದು ಬರೆದರಲ್ಲ, ಅದನ್ನು ಅವನು ಗುದ್ದಲಿಯಲ್ಲಿ ಬರೆಯುತ್ತಿದ್ದ. ಊರಿಗೆಲ್ಲ ನೀರು ಹಂಚಿದ ಅದೇ ಕೈ ಊರ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಅವನ ನ್ಯಾಯ ಬೇಕಿತ್ತು, ಅವನು ಬೇಕಿರಲಿಲ್ಲ.

ಗಂಗಾ ಒಪ್ಪಂದದ ಅವಧಿ 30 ವರ್ಷ, 2026ರ ಡಿಸೆಂಬರಿನ ತನಕ. ಅದನ್ನು ದಿಲ್ಲಿ, ಢಾಕಾದ ದೊಡ್ಡವರ ವಿಷಯ ಅಂತ ಬಿಡಬೇಡಿ. ಮೇಷ್ಟ್ರುಗಳೇ, ತರಗತಿಯಲ್ಲಿ ಫರಕ್ಕಾವನ್ನು ಭೂಪಟದ ಮೇಲೆ ತೋರಿಸಿ, ಆಮೇಲೆ ಮಕ್ಕಳನ್ನು ನಿಮ್ಮೂರ ನಾಲೆಯ ಕೊನೆಗೆ ಕರೆದುಕೊಂಡು ಹೋಗಿ. ಎರಡೂ ಕಡೆ ಒಂದೇ ಪ್ರಶ್ನೆ ಕೇಳಿಸಿ: ಕೊನೆಗದ್ದೆಗೆ ಎಷ್ಟು ನೀರು ಬಂತು? ಅದರಾಚೆಯ ಕೇರಿಗೆ?