ಕೈ ಸೋಕದ ಕಾರ್ಡು

ನ್ಯೂಜೆರ್ಸಿ ಸಂಸ್ಥಾನದಲ್ಲಿ ನೆಲಸಿರುವ ನನ್ನ ತಂಗಿಯ ಮಗನ ಮನೆಯಲ್ಲಿ ಒಂದು ಬೇಸಗೆಯನ್ನು ಕಳೆಯುವ ಅವಕಾಶವು ನನಗೆ ಒದಗಿದ್ದಾಗ, ಆತನು ಒಂದು ಸಂಜೆ ಬೀರುವಿನಿಂದ ಅಂಗೈಯಗಲದ ಪಾರದರ್ಶಕವಾದ ಪ್ಲಾಸ್ಟಿಕ್ ಫಲಕವೊಂದನ್ನು ಎರಡು ಕೈಗಳಲ್ಲಿಯೂ ಹಿಡಿದು ತಂದು, ಗಾಳಿಗೆ ಆರೀತೆಂದು ಹಣತೆಯನ್ನು ಮರೆಮಾಡಿ ಒಯ್ಯುವವರ ಜಾಗರೂಕತೆಯಿಂದ ನನ್ನ ಮುಂದಿನ ಮೇಜಿನ ಮೇಲೆ ಇಟ್ಟನು. ಅದರೊಳಗೆ ಬೇಸ್‌ಬಾಲ್ ಆಟಗಾರನೊಬ್ಬನ ವರ್ಣಚಿತ್ರವನ್ನು ಹೊತ್ತ ರಟ್ಟಿನ ಕಾರ್ಡೊಂದು ಇತ್ತು. ಅದರ ನೆತ್ತಿಯ ಮೇಲೆ ಆಟಗಾರನ ಹೆಸರೂ, ಕಾರ್ಡು ಅಚ್ಚಾದ ವರ್ಷವೂ, ಪರೀಕ್ಷೆಯಲ್ಲಿ ಮಕ್ಕಳಿಗೆ ಕೊಡುವಂಥ ಒಂದು ಅಂಕವೂ ನಮೂದಾಗಿದ್ದವು. ಬಾಲ್ಯದಲ್ಲಿ ಬೆಂಕಿಪೆಟ್ಟಿಗೆಯ ಚಿತ್ರಗಳನ್ನು ಕೂಡಿಹಾಕಿ, ಎಣಿಸಿ, ಜಗಳವಾಡಿ, ಅದಲುಬದಲು ಮಾಡಿಕೊಂಡು ಬೆಳೆದವನಾದ ನಾನು ಅದನ್ನು ಹೊರತೆಗೆದು ಕೈಯಲ್ಲಿ ಹಿಡಿದು ನೋಡಬಯಸಿದೆನು. “ತೆಗೆಯೋ ಹಾಗಿಲ್ಲ, ಮಾವ. ತೆಗೆದರೆ ಬೆಲೆ ಹೋಗಿಬಿಡುತ್ತೆ” ಎಂದು ಆತನು ನಯವಾಗಿಯೇ ಹೇಳಿದನು. ಮುಟ್ಟಿದೊಡನೆ ಮೌಲ್ಯಹೀನವಾಗುವ ಆಟಿಕೆಯೆಂಬುದು ನನಗೆ ಹೊಸದು. ಈ ಹವ್ಯಾಸದ ಗುಣದೋಷಗಳನ್ನು ನಾನು ವಿಚಾರಿಸತೊಡಗಿದುದು ಆ ಮಾತಿನ ನಿಮಿತ್ತದಿಂದ.

ಈ ಕಾರ್ಡುಗಳ ಹುಟ್ಟು ಅಷ್ಟೇನೂ ಉದಾತ್ತವಾದುದಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ತಂಬಾಕಿನ ವ್ಯಾಪಾರಿಗಳು ಸಿಗರೇಟಿನ ಮೆತ್ತನೆಯ ಪೊಟ್ಟಣವು ಜೇಬಿನಲ್ಲಿ ನಜ್ಜುಗುಜ್ಜಾಗದಿರಲೆಂದು ಅದರೊಳಗೆ ಒಂದು ರಟ್ಟಿನ ತುಂಡನ್ನು ಇಡುತ್ತಿದ್ದರು. ಆ ರಟ್ಟಿನ ಮೇಲೆ ನಟಿಯರ ಮತ್ತು ಆಟಗಾರರ ಚಿತ್ರಗಳನ್ನು ಅಚ್ಚುಹಾಕಿಸಿದರೆ ಗಿರಾಕಿಯು ಚಿತ್ರಮಾಲೆಯನ್ನು ಪೂರ್ಣಗೊಳಿಸುವ ಆಸೆಯಿಂದಾದರೂ ಮತ್ತೆ ಮತ್ತೆ ತಮ್ಮ ಪೊಟ್ಟಣವನ್ನೇ ಕೊಳ್ಳುವನೆಂಬ ವಣಿಗ್ಬುದ್ಧಿಯೇ ಇದರ ಮೂಲವಾಗಿದೆ. ೧೯೦೯ರಿಂದ ೧೯೧೧ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿಯವರು ಹೊರಡಿಸಿದ ಐದುನೂರಕ್ಕೂ ಮಿಕ್ಕ ಕಾರ್ಡುಗಳ ಮಾಲೆಯಲ್ಲಿ ಪಿಟ್ಸ್‌ಬರ್ಗಿನ ಪ್ರಸಿದ್ಧ ಆಟಗಾರ ಹೋನಸ್ ವ್ಯಾಗ್ನರನ ಕಾರ್ಡು ಮಾತ್ರ ಬೇಗನೆ ನಿಂತುಹೋಯಿತು. ಮಕ್ಕಳು ಚಿತ್ರದ ಆಸೆಗೆ ತಂಬಾಕಿನ ಕಡೆ ತಿರುಗುವರೆಂದು ಆತನು ಆಕ್ಷೇಪಿಸಿದನೆಂದು ಕೆಲವರೂ, ತನಗೆ ಸಲ್ಲತಕ್ಕ ಹಣವು ಸಲ್ಲಲಿಲ್ಲವೆಂದು ಮುನಿದನೆಂದು ಕೆಲವರೂ ಹೇಳುವುದುಂಟು. ಕಾರಣವು ಏನೇ ಇರಲಿ, ಉಳಿದಿರುವ ಕೆಲವೇ ಪ್ರತಿಗಳಲ್ಲೊಂದು ೨೦೨೨ರಲ್ಲಿ ೭೨.೫ ಲಕ್ಷ ಡಾಲರಿಗೆ ಮಾರಾಟವಾಯಿತು. ಸಿಗರೇಟಿನೊಡನೆ ಪುಕ್ಕಟೆಯಾಗಿ ಬಂದ ವಸ್ತುವಿಗೆ ಇದಕ್ಕಿಂತ ದೊಡ್ಡ ಪದವಿಯು ಬೇರೆಲ್ಲಿ ದೊರೆತೀತು?

ತಂಬಾಕಿನ ಸ್ಥಾನವನ್ನು ಕಾಲಕ್ರಮದಲ್ಲಿ ಬಬಲ್ ಗಮ್ಮು ಆಕ್ರಮಿಸಿತು. ಗಿರಾಕಿಯ ಸ್ಥಾನದಲ್ಲಿ ಗಂಡಸಿಗೆ ಬದಲಾಗಿ ಹುಡುಗನು ಬಂದು ನಿಂತನು. ಬ್ರೂಕ್ಲಿನ್ನಿನ ಟಾಪ್ಸ್ ಕಂಪನಿಯಲ್ಲಿ ಕೆಲಸಕ್ಕಿದ್ದ ಸೈ ಬರ್ಗರ್ ಎಂಬಾತನು ವುಡಿ ಗೆಲ್ಮನ್ ಎಂಬ ಸಹೋದ್ಯೋಗಿಯೊಡನೆ ಕೂಡಿ, ತನ್ನ ಮನೆಯ ಅಡಿಗೆಕೋಣೆಯ ಮೇಜಿನ ಮೇಲೆ ಕಾಗದ ಕತ್ತರಿಗಳನ್ನು ಹರಡಿಕೊಂಡು ರೂಪಿಸಿದನೆಂದು ಹೇಳಲಾಗುವ ೧೯೫೨ನೆಯ ಇಸವಿಯ ೪೦೭ ಕಾರ್ಡುಗಳ ಮಾಲೆಯೇ ಇಂದಿನ ಕಾರ್ಡಿನ ನಿಜವಾದ ಪೂರ್ವಜವೆನ್ನಬೇಕು. ಮುಂಬದಿಯಲ್ಲಿ ಆಟಗಾರನ ಮುಖ, ತಂಡದ ಲಾಂಛನ, ಆತನ ಸಹಿಯ ಪಡಿಯಚ್ಚು. ಹಿಂಬದಿಯಲ್ಲಿ ಎತ್ತರ, ತೂಕ, ಹುಟ್ಟಿದೂರು, ನಾಲ್ಕಾರು ಸಾಲಿನ ಜೀವನವೃತ್ತಾಂತ, ಹಿಂದಿನ ವರ್ಷದ ಮತ್ತು ಒಟ್ಟು ಜೀವಮಾನದ ಅಂಕಿಗಳು. ರೂಪದ ದೃಷ್ಟಿಯಿಂದ ನೋಡಿದರೆ ಇದು ಒಂದು ಕಿರುಹೊತ್ತಗೆ: ಮುಖಪುಟವೂ ಉಂಟು, ಒಳಬರಹವೂ ಉಂಟು, ಜೇಬಿನಲ್ಲಿ ಹಿಡಿಸುವ ಗಾತ್ರವೂ ಉಂಟು. ದೂರದರ್ಶನವು ಎಲ್ಲರ ಮನೆಯನ್ನೂ ಹೊಕ್ಕಿರದ ಆ ಕಾಲದಲ್ಲಿ, ಪಂದ್ಯದ ವರ್ಣನೆಯನ್ನು ರೇಡಿಯೋದಲ್ಲಿ ಕೇಳುತ್ತಿದ್ದ ಸಣ್ಣ ಊರಿನ ಬಾಲಕನಿಗೆ ಕೇಳಿದ ಹೆಸರಿಗೊಂದು ಮುಖವನ್ನು ಒದಗಿಸಿಕೊಟ್ಟದ್ದೂ, ಸರಾಸರಿಯ ಲೆಕ್ಕವನ್ನು ಮೇಷ್ಟರ ಬೆತ್ತವಿಲ್ಲದೆ ಕಲಿಸಿದ್ದೂ ಈ ಹೊತ್ತಗೆಯೇ. ಚಂದ್ರಶೇಖರರ ೨೪೨ ವಿಕೆಟ್ಟುಗಳನ್ನೂ ವಿಶ್ವನಾಥರ ೬,೦೮೦ ರನ್ನುಗಳನ್ನೂ ಮಗ್ಗಿಯಂತೆ ಒಪ್ಪಿಸುತ್ತಿದ್ದ ನಮ್ಮ ಹುಡುಗರನ್ನು ಬಲ್ಲವರಿಗೆ ಅಂಕಿಗಳ ಮೇಲಣ ಈ ಅನುರಾಗವು ಅಪರಿಚಿತವಾಗಲಾರದು. ನನ್ನ ಸೋದರಳಿಯನೂ ಮೈಸೂರಿನ ತನ್ನ ಬಾಲ್ಯದಲ್ಲಿ ಬಿಗ್ ಫನ್ ಎಂಬ ಬಬಲ್ ಗಮ್ಮಿನೊಡನೆ ಬರುತ್ತಿದ್ದ ಕ್ರಿಕೆಟ್ ಆಟಗಾರರ ಚಿತ್ರಗಳಿಗಾಗಿ ಹಲ್ಲು ನೋಯುವಷ್ಟು ಗಮ್ಮನ್ನು ಅಗಿದವನೇ.

ಇಂಥ ಅಲ್ಪವಸ್ತುವನ್ನು ಮೊತ್ತಮೊದಲು ಗಂಭೀರವಾದ ಅಧ್ಯಯನದ ವಿಷಯವನ್ನಾಗಿ ಮಾಡಿದ ಪುರುಷನ ಸ್ಮರಣೆಯಿಲ್ಲದೆ ಈ ವಿಮರ್ಶೆಯು ಪೂರ್ಣವಾಗದು. ಸಿರಾಕ್ಯೂಸ್ ನಗರದಲ್ಲಿ ವಿದ್ಯುತ್ ಉಪಕರಣಗಳ ಕಾರ್ಖಾನೆಯೊಂದರ ನೌಕರನಾಗಿದ್ದ ಜೆಫರ್ಸನ್ ಬರ್ಡಿಕ್ ಸಂಪನ್ನನಲ್ಲ, ಪಂಡಿತನೆಂಬ ಬಿರುದನ್ನು ಪಡೆದವನೂ ಅಲ್ಲ. ಸಂಧಿವಾತದಿಂದ ಬೆರಳುಗಳು ತಿರುಚಿಕೊಂಡಿದ್ದ ಆತನು, ಅಂಗಡಿಯ ಜಾಹೀರಾತಿನ ಚೀಟಿಯಿಂದ ಹಿಡಿದು ಆಟಗಾರರ ಚಿತ್ರದವರೆಗೆ ಮೂರು ಲಕ್ಷಕ್ಕೂ ಮಿಕ್ಕ ಕಾಗದದ ವಸ್ತುಗಳನ್ನು ಕಲೆಹಾಕಿ, ಅವನ್ನು ವರ್ಗೀಕರಿಸಿ ಒಂದು ಸೂಚಿಯನ್ನು ರಚಿಸಿದನು. ವ್ಯಾಗ್ನರನ ಕಾರ್ಡಿರುವ ಮಾಲೆಯನ್ನು ಇಂದಿಗೂ ಜನರು ‘ಟಿ-೨೦೬’ ಎಂದು ಕರೆಯುವುದು ಬರ್ಡಿಕ್ಕನ ಸೂಚಿಯಲ್ಲಿ ಅದಕ್ಕೆ ಬಿದ್ದ ಸಂಖ್ಯೆಯಿಂದಲೇ. ತನ್ನ ಸಂಗ್ರಹವನ್ನೆಲ್ಲ ಆತನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾಸಂಗ್ರಹಾಲಯಕ್ಕೆ ದಾನಮಾಡಿದ್ದಷ್ಟೇ ಅಲ್ಲದೆ, ಅಲ್ಲಿಯೇ ಒಂದು ಮೇಜನ್ನು ಪಡೆದು, ವರ್ಷಗಟ್ಟಲೆ ಕುಳಿತು, ಒಂದೊಂದನ್ನೂ ದೊಡ್ಡ ಪುಸ್ತಕಗಳ ಹಾಳೆಗಳಿಗೆ ತನ್ನ ಕೈಯಿಂದ ಅಂಟಿಸಿದನು. ೧೯೬೩ರ ಜನವರಿಯಲ್ಲಿ ಕಾರ್ಯವು ಮುಗಿಯಿತು, ಮಾರ್ಚಿಯಲ್ಲಿ ಆತನು ತೀರಿಕೊಂಡನು. ಅಂಟು ತಾಕಿದ ಕಾರ್ಡು ಇಂದಿನ ಮಾರುಕಟ್ಟೆಯ ದೃಷ್ಟಿಯಲ್ಲಿ ಕೆಟ್ಟುಹೋದ ಕಾರ್ಡು. ಈ ಹವ್ಯಾಸಕ್ಕೆ ವ್ಯಾಕರಣವನ್ನು ಬರೆದುಕೊಟ್ಟ ಮಹಾಶಯನೇ ಇಂದಿನ ಲೆಕ್ಕದಲ್ಲಿ ಅದರ ಮಹಾಪರಾಧಿಯೆನಿಸಬೇಕಾದೀತು!

ಈ ವೈಪರೀತ್ಯವು ಹೇಗೆ ಸಂಭವಿಸಿತೆಂಬುದನ್ನು ತಿಳಿಯಬೇಕಾದರೆ ಎರಡು ಸಂಗತಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ೧೯೫೨ರ ಮಾಲೆಯ ಕೊನೆಯ ಕಂತು ಋತುವಿನ ಅಂತ್ಯದಲ್ಲಿ ಬಂದದ್ದರಿಂದ ಖರ್ಚಾಗದೆ ಗೋದಾಮಿನಲ್ಲಿ ಕೊಳೆಯುತ್ತಿರಲು, ೧೯೬೦ರಲ್ಲಿ ಅದನ್ನು ದೋಣಿಯಲ್ಲಿ ತುಂಬಿಸಿಕೊಂಡು ಹೋಗಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದುದನ್ನು ಬರ್ಗರನೇ ಮುಂದೆ ವರ್ಣಿಸಿದ್ದಾನೆ. ಆ ಕಂತಿಗೆ ಸೇರಿದ ಮಿಕಿ ಮ್ಯಾಂಟಲನ ಕಾರ್ಡು, ಸಂಖ್ಯೆ ೩೧೧, ೨೦೨೨ರ ಆಗಸ್ಟಿನಲ್ಲಿ ೧ ಕೋಟಿ ೨೬ ಲಕ್ಷ ಡಾಲರಿಗೆ, ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು ನೂರು ಕೋಟಿ ರೂಪಾಯಿಗೆ, ಹರಾಜಾಯಿತು. ಹಳೆಯ ಕಾರ್ಡುಗಳಿಗೆ ಬೆಲೆ ಏರುವ ಸುದ್ದಿಯು ಹರಡಿದಾಗ ಎಂಬತ್ತರ ದಶಕದ ತಂದೆತಾಯಿಗಳು ಮಕ್ಕಳ ಕಾಲೇಜಿನ ಖರ್ಚಿಗೆ ಒದಗೀತೆಂದು ಪೆಟ್ಟಿಗೆಪೆಟ್ಟಿಗೆಯಾಗಿ ಕಾರ್ಡುಗಳನ್ನು ಕೊಂಡು ಅಟ್ಟದ ಮೇಲೆ ಭದ್ರಪಡಿಸಿದರು. ಕಂಪನಿಗಳೂ ಬೇಡಿಕೆಯನ್ನು ಕಂಡು ಮಿತಿಯಿಲ್ಲದೆ ಅಚ್ಚುಹಾಕಿದವು. ಎಲ್ಲರೂ ಬಿಸಾಡಿದ್ದರಿಂದ ಹಿಂದಿನವುಗಳಿಗೆ ಬೆಲೆ ಬಂತು; ಎಲ್ಲರೂ ಕಾಪಾಡಿದ್ದರಿಂದ ಇವುಗಳಿಗೆ ಬೆಲೆ ಬರಲಿಲ್ಲ. ಆ ಕಾಲದ ಸರಕಿಗೆ ಸಂಗ್ರಾಹಕರು ಇಟ್ಟಿರುವ ಹೆಸರೇ ‘ಜಂಕ್ ವ್ಯಾಕ್ಸ್’, ಮೇಣದ ಕಾಗದದಲ್ಲಿ ಸುತ್ತಿದ ಕಸ.

ಈ ಪಾಠದಿಂದ ಕಂಪನಿಗಳು ಕಲಿತದ್ದು ಮಿತವ್ಯಯವನ್ನಲ್ಲ, ಕೃತಕವಾದ ದುರ್ಭಿಕ್ಷವನ್ನು ಸೃಷ್ಟಿಸುವ ವಿದ್ಯೆಯನ್ನು. ಒಂದೇ ಚಿತ್ರವನ್ನು ಹತ್ತು ಬಣ್ಣದ ಅಂಚುಗಳಲ್ಲಿ ಹೊರಡಿಸಿ, ಇದು ಐವತ್ತರಲ್ಲಿ ಒಂದು, ಇದು ಒಂದೇ ಒಂದು, ಎಂದು ಸಂಖ್ಯೆಯನ್ನು ಮುದ್ರಿಸುವುದು; ಆಟಗಾರನ ಅಂಗಿಯ ಚೂರನ್ನು ಕಾರ್ಡಿನಲ್ಲಿ ಹುದುಗಿಸುವುದು; ಅದನ್ನು ಯಾವ ಪ್ಯಾಕೆಟ್ಟಿನಲ್ಲಿ ಅಡಗಿಸಿದೆಯೆಂದು ಹೇಳದೆ ನೂರಾರು ಪ್ಯಾಕೆಟ್ಟುಗಳನ್ನು ಒಡೆಯಿಸುವುದು. ಬೇಬ್ ರೂತನು ತೊಟ್ಟ ಅಂಗಿಯೊಂದನ್ನು ಕಾರ್ಡಿನ ಕಂಪನಿಯೊಂದು ೨೦೦೩ರಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಡಾಲರು ತೆತ್ತು ಕೊಂಡು, ಕಾರ್ಡುಗಳಿಗೆಂದು ಅದನ್ನು ಕತ್ತರಿಸಿತು. ಬರ್ಡಿಕ್ ಚದರಿಹೋದುದನ್ನು ಒಂದುಗೂಡಿಸಲು ಅಂಟನ್ನು ಬಳಸಿದನು. ಇವರು ಇಡಿಯಾಗಿದ್ದುದನ್ನು ಚದರಿಸಲು ಕತ್ತರಿಯನ್ನು ಬಳಸಿದರು. ಲಾಟರಿಯ ಚೀಟಿಯನ್ನು ಗೀರುವವನ ಉದ್ವೇಗವನ್ನೇ ಹತ್ತು ವರ್ಷದ ಬಾಲಕನಿಗೂ ಕಲಿಸುವ ಈ ಕ್ರಮವನ್ನು ಹವ್ಯಾಸವೆಂಬ ಸೌಮ್ಯವಾದ ಹೆಸರಿನಿಂದ ಕರೆಯಲು ನನ್ನ ಮನಸ್ಸು ಒಪ್ಪದು.

ಇನ್ನು ಅಂಕ ಕೊಡುವ ಪದ್ಧತಿಯ ಮಾತು. ಪಿಎಸ್‌ಎ ಎಂಬ ಸಂಸ್ಥೆಯು ೧೯೯೧ರಲ್ಲಿ ಆರಂಭಿಸಿದ ಕ್ರಮದಲ್ಲಿ, ಪರೀಕ್ಷಕರು ಕಾರ್ಡಿನ ಮೂಲೆ, ಅಂಚು, ಮೇಲ್ಮೈ, ಚಿತ್ರದ ಮಧ್ಯಸ್ಥಿತಿ ಇವನ್ನು ಪರಿಶೀಲಿಸಿ ೧ರಿಂದ ೧೦ರವರೆಗೆ ಅಂಕವನ್ನು ಕೊಟ್ಟು, ಅದನ್ನು ಪ್ಲಾಸ್ಟಿಕ್ ಫಲಕದಲ್ಲಿ ಶಾಶ್ವತವಾಗಿ ಮುಚ್ಚುತ್ತಾರೆ. ಆ ಫಲಕವೇ ‘ಸ್ಲ್ಯಾಬ್’. ಇದರಿಂದ ಖೋಟಾ ಕಾರ್ಡುಗಳ ಹಾವಳಿಯು ಕುಗ್ಗಿತೆಂಬುದನ್ನೂ, ಒಬ್ಬರನ್ನೊಬ್ಬರು ಕಾಣದವರೂ ದೂರದಿಂದ ವ್ಯವಹರಿಸುವಷ್ಟು ವಿಶ್ವಾಸವು ಬೆಳೆಯಿತೆಂಬುದನ್ನೂ ಒಪ್ಪಲೇಬೇಕು. ಆದರೆ ಆ ಸಂಸ್ಥೆಯ ಪ್ರಥಮ ಪ್ರಮಾಣಪತ್ರವು ಸಂದುದು, ಐಸ್ ಹಾಕಿ ಆಟದ ಮಹಾರಥಿ ವೇಯ್ನ್ ಗ್ರೆಟ್ಸ್ಕಿಯು ಪಾಲುದಾರನೊಬ್ಬನೊಡನೆ ೪,೫೧,೦೦೦ ಡಾಲರಿಗೆ ಕೊಂಡಿದ್ದ ವ್ಯಾಗ್ನರನ ಕಾರ್ಡಿಗೆ. ಅದಕ್ಕೆ ಬಂದ ಅಂಕ ೮. ಅದರ ಅಂಚುಗಳನ್ನು ತಾನು ಕತ್ತರಿಸಿ ಚೊಕ್ಕಗೊಳಿಸಿದ್ದೆನೆಂದು ಹಿಂದೆ ಅದನ್ನು ಮಾರಿದ್ದ ವ್ಯಾಪಾರಿಯು ೨೦೧೩ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡನು. ಇದು ಪರೀಕ್ಷಕರ ಒಂದು ಸ್ಖಾಲಿತ್ಯವೆಂದು ಕ್ಷಮಿಸಬಹುದು. ಕ್ಷಮಿಸಲಾಗದ ದೋಷವು ಅಳತೆಗೋಲಿನಲ್ಲಿಯೇ ಇದೆ. ಹುಡುಗನೊಬ್ಬನು ಜೇಬಿನಲ್ಲಿಟ್ಟುಕೊಂಡು ತಿರುಗಿದ, ಗೆಳೆಯನೊಡನೆ ಪಣವೊಡ್ಡಿ ಆಡಿದ, ಸೈಕಲ್ಲಿನ ಚಕ್ರದ ಕಡ್ಡಿಗಳಿಗೆ ಸಿಕ್ಕಿಸಿ ಪಟಪಟನೆ ಸದ್ದು ಮಾಡಿಸಿದ ಕಾರ್ಡಿಗೆ ೧ ಅಥವಾ ೨. ಯಾವ ಮಗುವಿನ ಕಣ್ಣಿಗೂ ಬೀಳದೆ ಕತ್ತಲೆಯಲ್ಲಿ ಬಿದ್ದಿದ್ದ ಕಾರ್ಡಿಗೆ ೧೦. ಯಾವ ಪ್ರಯೋಜನಕ್ಕಾಗಿ ವಸ್ತುವು ನಿರ್ಮಿತವಾಯಿತೋ ಆ ಪ್ರಯೋಜನವು ಸಿದ್ಧಿಸದಿರುವುದೇ ಅದರ ಶ್ರೇಷ್ಠತೆಯ ಲಕ್ಷಣವೆಂದು ಸಾರುವ ಮೀಮಾಂಸೆಯು ವಿಚಿತ್ರವಾದುದೆಂದು ನಾನು ಸೋದರಳಿಯನಿಗೆ ಹೇಳಿದೆನು. ಆತನು ವಾದಿಸಲಿಲ್ಲ; ಮರುದಿನ ಶನಿವಾರ, ತನ್ನೊಡನೆ ಕಾರ್ಡಿನ ಅಂಗಡಿಗೆ ಬರಬೇಕೆಂದು ಮಾತ್ರ ಕರೆದನು.

ಅಂಗಡಿಯು ಬಟ್ಟೆ ಒಗೆಯುವ ಮಳಿಗೆಗೂ ಪಿಟ್ಸಾ ಮಾರುವವನಿಗೂ ನಡುವೆ ಇಕ್ಕಟ್ಟಾಗಿ ಕುಳಿತಿತ್ತು. ಗಾಜಿನ ಕಪಾಟಿನಲ್ಲಿ ಸ್ಲ್ಯಾಬುಗಳು ಸಾಲಾಗಿ ಹೊಳೆಯುತ್ತಿದ್ದವು. ಅವುಗಳ ಎದುರಿಗೆ, ಉದ್ದನೆಯ ಬಿಳಿಯ ರಟ್ಟಿನ ಪೆಟ್ಟಿಗೆಗಳಲ್ಲಿ ಸಾವಿರಾರು ಸಾಮಾನ್ಯ ಕಾರ್ಡುಗಳು ಹಳೆಯ ಕಚೇರಿಯ ಕಡತಗಳಂತೆ ಒತ್ತಾಗಿ ನಿಂತಿದ್ದವು. ನಾವು ಒಳಹೊಕ್ಕಾಗ ಹನ್ನೆರಡರ ಪ್ರಾಯದ ಬಾಲಕನೊಬ್ಬನು ತಾನು ತಂದ ಕಾರ್ಡನ್ನು ಮಾರಲು ನಿಂತಿದ್ದನು. ಅಂಗಡಿಯವನು, ನರೆತ ಗಡ್ಡದ ಮನುಷ್ಯ, ಅದನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು, ಈ ಮೂಲೆಯು ಮೆತ್ತಗಾಗಿದೆ ನೋಡು, ಇಲ್ಲಿ ಉಗುರಿನ ಗೆರೆಯಿದೆ ನೋಡು, ಎಂದು ತೋರಿಸಿದನು. ಅಂಥ ಕಾರ್ಡುಗಳು ಈಚೆಗೆ ಎಷ್ಟಕ್ಕೆ ಬಿಕರಿಯಾಗಿವೆಯೆಂಬುದನ್ನು ಫೋನಿನಲ್ಲಿ ತೆಗೆದು, ತೆರೆಯನ್ನು ಹುಡುಗನ ಕಡೆಗೆ ತಿರುಗಿಸಿದನು. ಅನಂತರ ಅದಕ್ಕಿಂತ ಕಡಿಮೆಯಾದ ಒಂದು ಮೊತ್ತವನ್ನು ಹೇಳಿ, ಮಳಿಗೆಯ ಬಾಡಿಗೆಯನ್ನು ತಾನು ಇದರಿಂದಲೇ ಕಟ್ಟಬೇಕೆಂದು ಕಾರಣವನ್ನೂ ಕೊಟ್ಟನು. ಹುಡುಗನು ಬಹಳ ಹೊತ್ತು ಯೋಚಿಸಿ, ಹಣದ ಬದಲು ಪೆಟ್ಟಿಗೆಗಳಿಂದ ತನಗೆ ಬೇಕಾದ ಏಳು ಕಾರ್ಡುಗಳನ್ನು ಆರಿಸಿಕೊಂಡು ಹೋದನು. ಕೊಳ್ಳುವವನೇ ಬೆಲೆಯನ್ನೂ ಕಟ್ಟುವ ಈ ಏರ್ಪಾಡಿನಲ್ಲಿ ಅನ್ಯಾಯಕ್ಕೆ ಎಡೆಯಿಲ್ಲವೆಂದು ಹೇಳುವಷ್ಟು ನಾನು ಮುಗ್ಧನಲ್ಲ. ಅದೇ ಕಟ್ಟೆಯ ಹಿಂದೆ ಮೊಹರು ಒಡೆಯದ ಜೂಜಿನ ಪೆಟ್ಟಿಗೆಗಳೂ ಗೋಡೆಯೆತ್ತರ ನಿಂತಿದ್ದವು. ಆದರೂ ಬೆಲೆಯನ್ನು ಇಲ್ಲಿ ಒಬ್ಬ ಮನುಷ್ಯನು ಮತ್ತೊಬ್ಬನ ಮುಖವನ್ನು ನೋಡಿ ಹೇಳಬೇಕು, ಏಕೆ ಅಷ್ಟೆಂಬುದನ್ನು ವಿವರಿಸಬೇಕು. ಕೇಳುವವನು ತನ್ನ ವಸ್ತುವನ್ನು ತಾನೇ ನೋಡಲು ಕಲಿಯಬೇಕು. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ವ್ಯಾಪಾರಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಪುಸ್ತಕಕ್ಕಿಂತ ಹೆಚ್ಚಾಗಿ ಪುಸ್ತಕಗಳ ವಿಚಾರವನ್ನು ಕೊಂಡುಬಂದವರು ಈ ಶಿಕ್ಷಣದ ಬೆಲೆಯನ್ನು ಬಲ್ಲರು. ಮೊಹರು ಮಾಡಿದ ಅಂಕವು ವಿಚಾರವನ್ನು ಮುಗಿಸುತ್ತದೆ. ಅಂಗಡಿಯು ಅದನ್ನು ಆರಂಭಿಸುತ್ತದೆ.

ಸೋದರಳಿಯನು ಗಾಜಿನ ಕಪಾಟಿನ ಮುಂದೆ ನಿಂತಿರಲು ನಾನು ಡಾಲರಿಗೊಂದು ಕಾರ್ಡಿನ ಪೆಟ್ಟಿಗೆಯಲ್ಲಿ ಬೆರಳಾಡಿಸುತ್ತ ಹೋದೆನು. ಎಪ್ಪತ್ತರ ದಶಕದ, ನನಗೆ ಹೆಸರೂ ತಿಳಿಯದ ಆಟಗಾರನೊಬ್ಬನ ಕಾರ್ಡು ಕೈಗೆ ಬಂದಿತು. ಮೂಲೆಗಳು ನಾಲ್ಕೂ ಸವೆದಿದ್ದವು. ಅಚ್ಚಾಗಿದ್ದ ತಂಡದ ಹೆಸರನ್ನು ಯಾವನೋ ಬಾಲಕನು ನೀಲಿಯ ಪೆನ್ನಿನಿಂದ ಹೊಡೆದುಹಾಕಿ, ಅದರ ಮೇಲೆ ವಕ್ರವಾದ ಅಕ್ಷರಗಳಲ್ಲಿ ಬೇರೊಂದು ತಂಡದ ಹೆಸರನ್ನು ಬರೆದಿದ್ದನು. ಆ ಆಟಗಾರನು ನಡುವರ್ಷದಲ್ಲಿ ತಂಡವನ್ನು ಬದಲಾಯಿಸಿರಬೇಕೆಂದೂ, ಹಾಗೆ ತಿದ್ದುವುದು ಆಗಿನ ಹುಡುಗರ ರೂಢಿಯೆಂದೂ, ಆ ಗೆರೆಯಿಲ್ಲದಿದ್ದರೆ ಅದಕ್ಕೆ ಇನ್ನೂ ನಾಲ್ಕು ಡಾಲರು ಬರುತ್ತಿತ್ತೆಂದೂ ಅಂಗಡಿಯವನು ಹೇಳಿದನು. ಸುದ್ದಿಯನ್ನು ಕೇಳಿದೊಡನೆ ಕಾರ್ಡನ್ನು ಹುಡುಕಿ ತೆಗೆದು, ಸತ್ಯಕ್ಕೆ ಅನುಗುಣವಾಗಿ ತಿದ್ದಿಟ್ಟ ಆ ಅಜ್ಞಾತ ಬಾಲಕನನ್ನು ಬರ್ಡಿಕ್ಕನ ಶಿಷ್ಯಪರಂಪರೆಯಲ್ಲಿ ಎಣಿಸಲು ನನಗೆ ಯಾವ ಸಂಕೋಚವೂ ಇಲ್ಲ. ಕಾರ್ಡು ಓದತಕ್ಕ ವಸ್ತುವೆಂಬುದು ಅವನಿಗೆ ತಿಳಿದಿತ್ತು.

ಡಾಲರು ಕೊಟ್ಟು ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡೆನು. ಬರಿಯ ಕಾರ್ಡನ್ನು ಹಾಗೆ ಜೇಬಿಗಿಳಿಸಿದುದನ್ನು ಕಂಡ ಸೋದರಳಿಯನು ಅಭ್ಯಾಸಬಲದಿಂದ “ಮಾವ...” ಎಂದು ಕೈ ಮುಂದೆ ಮಾಡಿದವನು, ಮತ್ತೇನನ್ನೋ ಎಣಿಸಿ ಸುಮ್ಮನಾದನು. ಮನೆಗೆ ಹಿಂದಿರುಗುವ ದಾರಿಯುದ್ದಕ್ಕೂ ಆತನು ಕಾರು ನಡೆಸುತ್ತಿರಲು, ನಾನು ಅದರ ಬೆನ್ನಿನ ಅಂಕಿಗಳನ್ನು ಗಟ್ಟಿಯಾಗಿ ಓದಿದೆನು. ಒಂದೊಂದು ವರ್ಷಕ್ಕೂ ಆತನು ಅರ್ಥವನ್ನು ಹೇಳುತ್ತ ಬಂದನು.